ನಾಲ್ಕು ಬೆರಳು ಬಿಟ್ಟು

ಮಗಳು ಕುಕ್ಕರುಗಾಲಲ್ಲಿ ಕೂತು, ಒಣಗಿದ ಸೇವಂತಿಗೆ ಕಡ್ಡಿಗಳನ್ನು ಒಂದೇ ಹಿಡಿಯಲ್ಲಿ ಹಿಡಿದು ಕತ್ತರಿ ಒತ್ತಿದಳು. ಕಂದಿಹೋದ ಹೂಗಳು ಅವಳ ಮಡಿಲಿಗೆ ಉದುರಿದವು. ಗೇಟಿನಿಂದ ಬಾಗಿಲವರೆಗೆ ದಾರಿಯ ಎರಡೂ ಬದಿಗೆ ಕುಂಡಗಳು. ಇನ್ನೂ ಅರ್ಧದಷ್ಟು ಉಳಿದಿದ್ದವು.

“ಚಿಕ್ಕಮ್ಮನ ಹೆಣ ಮನೆಗೆ ಬರೋ ಹೊತ್ತಲ್ಲಿ ಇದೇನೇ ನಿಂದು?” ಸತ್ತವಳ ಅಕ್ಕ ಮೆಟ್ಟಿಲ ಮೇಲಿಂದಲೇ ಕೂಗಿದಳು. “ಚಿಕ್ಕವಳಿದ್ದಾಗ ಅವಳ ಮುಖ ಕೂಡ ನೋಡ್ತಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ವಾ? ಅವಳು ಸಾಕಿದ ಗಿಡದ ಮೇಲೆ ತೀರಿಸ್ಕೋತಿದೀಯಾ?”

ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ಇತ್ತ ತಿರುಗಿದರು. ಅಪ್ಪ ಗೋಡೆಗೊರಗಿ ನೆಲ ನೋಡುತ್ತಿದ್ದರು.

“ಬಿಡಿ ಅಕ್ಕಾ,” ಎಂದಳು ಚಿಕ್ಕಮ್ಮನ ಜೊತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಒಗೆದು ಮಡಿಸುತ್ತಿದ್ದ ಗೆಳತಿ. “ಏನು ಕೈಗುಣ ಅಂತೀರಿ ಅವಳದು! ಒಗೆಯೋ ಸೋಡಾದ ನೀರಲ್ಲಿ ಬೆಂದು ಬೆರಳೆಲ್ಲ ಬಿರಿದಿದ್ದವು. ಆದ್ರೂ ಮುಟ್ಟಿದ ಗಿಡ ಸಾಯ್ತಿರಲಿಲ್ಲ.”

ಕೈಗುಣ ಎಂಬ ಮಾತಿಗೆ ಮಗಳ ಕತ್ತರಿ ಒಂದು ಕ್ಷಣ ತಡೆದು ನಿಂತಿತು.

*

ಆ ಗಿಡಗಳನ್ನು ನೆಟ್ಟವಳು ತೀರಿಹೋದ ಹೆತ್ತಮ್ಮ. ಚಿಕ್ಕಮ್ಮ ಮನೆ ತುಂಬಿದ ಮೊದಲ ವರ್ಷ ಹುಡುಗಿ ಅವುಗಳನ್ನು ಕಾವಲು ಕಾದಳು. ಚಿಕ್ಕಮ್ಮ ನೀರು ಹಾಕಲು ಬಂದರೆ ಕೈಯಿಂದ ಚೆಂಬು ಕಿತ್ತುಕೊಳ್ಳುತ್ತಿದ್ದಳು. ಹೂವೆಲ್ಲ ಮುಗಿದಿದ್ದ ಒಂದು ಸಂಜೆ, “ಮುಟ್ಟಬೇಡ. ಇದು ನಮ್ಮಮ್ಮನ ಮನೆ, ನಿಂದಲ್ಲ,” ಅಂದುಬಿಟ್ಟಳು. ಅಪ್ಪ ಎಂದಿನಂತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು.

ಮರುದಿನ ಶಾಲೆಯಿಂದ ಬಂದಾಗ ಎಲ್ಲ ಕುಂಡಗಳಲ್ಲೂ ಬರೀ ಮೋಟು. ಹುಡುಗಿ ಅಳಲಿಲ್ಲ, ಮಾತು ಬಿಟ್ಟಳು.

ಚಿಕ್ಕಮ್ಮ ಆ ಮೋಟುಗಳಿಗೆ ದಿನವೂ ನೀರು ಹಾಕಿದಳು. ಹಾಕುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಬುಡದ ಸುತ್ತ ಮಣ್ಣು ಸೀಳಿಕೊಂಡು ಚಿಗುರು ಬಂತು. ಆ ಸಲ ಬಿಟ್ಟಷ್ಟು ಹೂವನ್ನು ಆ ಬೀದಿ ಕಂಡಿರಲಿಲ್ಲ. ಎಲ್ಲರೂ ಕೈಗುಣ ಎಂದರು. ಹುಡುಗಿಯೂ ತಾನಾಗಿ ಒಂದು ದಿನ ಚೆಂಬು ತುಂಬಿ ತಂದು ಚಿಕ್ಕಮ್ಮನ ಪಕ್ಕದಲ್ಲಿಟ್ಟಳು.

ಹುಡುಗಿ ಬೆಳೆದು ಕೆಲಸಕ್ಕೆ ಸೇರಿದ ವರ್ಷ, ಇಬ್ಬರೂ ಕೂತು ಕಡ್ಡಿ ಕತ್ತರಿಸುತ್ತಿದ್ದಾಗ ಚಿಕ್ಕಮ್ಮ ಇದ್ದಕ್ಕಿದ್ದಂತೆ ಹೇಳಿದಳು:

“ಆವತ್ತು ಗಿಡ ಸಾಯಲಿ ಅಂತಲೇ ಕತ್ತರಿಸಿದ್ದು ಕಣೇ.”

“ಏನು?”

“ಗಿಡದ ವಿಷಯ ನಂಗೇನು ಗೊತ್ತಿತ್ತು, ಮಣ್ಣು! ಹೊಟ್ಟೆ ಉರಿದು ಕತ್ತರಿಸಿಬಿಟ್ಟೆ. ಆಮೇಲೆ ನಿನ್ನ ಮುಖ ನೋಡಿ ಎದೆ ಧಸಕ್ ಅಂತು. ಹೂ ಮುಗಿದ ಮೇಲೆ ಹಂಗೇ ಕತ್ತರಿಸ್ಬೇಕು ಅನ್ನೋದು ನರ್ಸರಿಯವನು ಹೇಳಿದ ಮೇಲೇ ಗೊತ್ತಾಗಿದ್ದು.”

ಮಗಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಕತ್ತರಿ ಕೆಳಗಿಟ್ಟು ಇಬ್ಬರೂ ಪಕ್ಕೆ ಹಿಡಿದುಕೊಂಡು ನಕ್ಕರು.

“ಯಾರ ಹತ್ರಾನೂ ಬಾಯಿ ಬಿಡಬೇಡ ಮತ್ತೆ,” ಎಂದಳು ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತ. “ಈ ಬೀದೀಲಿ ನಂಗಿರೋ ಮರ್ಯಾದೆಯೆಲ್ಲ ಅದೊಂದೇ.”

*

“ದೊಡ್ಡಮ್ಮಾ,” ಎಂದಳು ಮಗಳು, ಮುಂದಿನ ಕುಂಡಕ್ಕೆ ಸರಿದು. “ಹೋದ ವಾರ ಆಸ್ಪತ್ರೇಲಿ ಚಿಕ್ಕಮ್ಮ ಕೇಳಿದ್ಲು, ಗಿಡ ಕತ್ತರಿಸಿದ್ಯಾ ಅಂತ. ಹೂಂ, ಎಲ್ಲಾ ಆಯ್ತು ಅಂದೆ. ಮನೆ ಕಡೆ ತಲೆ ಹಾಕೋಕೂ ಆಗಿರಲಿಲ್ಲ, ಗಿಡ ಎಲ್ಲಿ ನೋಡ್ಲಿ? ಸುಮ್ನೆ ಹೇಳಿದೆ. ‘ಸದ್ಯ’ ಅಂದು ಆ ಕಡೆ ತಿರುಗಿ ಮಲಗಿದ್ಲು. ಈಗ ಇದೇ ದಾರೀಲಿ ಅವಳನ್ನ ಒಳಗೆ ತರ್ತಾರೆ…”

ಮಾತನ್ನು ಅಲ್ಲಿಗೇ ಬಿಟ್ಟು ಕತ್ತರಿ ಒತ್ತಿದಳು.

ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಮಂಡಿ ನೋವಿಗೆ ಮುಲುಗುತ್ತ ಕೆಳಗಿಳಿದು, ಎದುರು ಬದಿಯ ಕುಂಡದ ಮುಂದೆ ಕೂತು ಕಡ್ಡಿಗಳನ್ನೆಲ್ಲ ಬಾಚಿ ಹಿಡಿದಳು.

“ಎಷ್ಟು ಬಿಡಬೇಕು?”

“ನಾಲ್ಕು ಬೆರಳು.”

ಆಂಬುಲೆನ್ಸ್ ಗೇಟಿನ ಮುಂದೆ ನಿಂತಾಗ ಎರಡು ಕುಂಡಗಳು ಬಾಕಿಯಿದ್ದವು. ಡ್ರೈವರ್ ಹಿಂದಿನ ಬಾಗಿಲಿಗೆ ಕೈ ಹಾಕಿದ. ಲಾಂಡ್ರಿಯ ಗೆಳತಿ ಎದ್ದುಹೋಗಿ, “ಒಂಚೂರು ತಡಿಯಪ್ಪಾ,” ಎಂದಳು. ಅವನು ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತ. ಕೂತಿದ್ದವರೆಲ್ಲ ಎದ್ದು ನಿಂತರು. ಕತ್ತರಿಯ ಸದ್ದೊಂದೇ ಕೇಳುತ್ತಿತ್ತು.

ಕೊನೆಯ ಕಡ್ಡಿ ಬಿದ್ದ ಮೇಲೆ ಚಿಕ್ಕಮ್ಮನನ್ನು ಮೋಟುಗಳ ನಡುವಿನಿಂದ ಒಳಗೆ ತಂದರು.

*

ಎಲ್ಲ ಮುಗಿಸಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಬಂದವರೆಲ್ಲ ಒಬ್ಬೊಬ್ಬರಾಗಿ ಹೊರಟರು. ಮಗಳು ಕುಂಡಗಳಿಗೆ ನೀರು ಹಾಕಿ, ಒಳಗೆ ಹೋಗಿ ನೆಲ ಒರೆಸಿ ಎದ್ದು ನೋಡಿದರೆ ಅಪ್ಪ ಇಲ್ಲ. ಚಪ್ಪಲಿ ಮಾತ್ರ ಬಾಗಿಲಲ್ಲೇ ಇತ್ತು.

ಅವರು ಅಂಗಳದಲ್ಲಿದ್ದರು. ಉಳಿದಿದ್ದ ಒಂದು ಕುರ್ಚಿಯನ್ನು ಬಿಸಿಲು ಜೋರಾಗಿ ಬೀಳುವ ಕಡೆ ಎಳೆದುಕೊಂಡು, ಸೂರ್ಯನಿಗೆ ಬೆನ್ನು ಕೊಟ್ಟು ಕೂತಿದ್ದರು. ಅವರ ನೆರಳು ಎರಡು ಕುಂಡಗಳ ಮೇಲೆ ಬಿದ್ದಿತ್ತು.

“ಅಪ್ಪಾ, ಬಿಸಿಲು. ಒಳಗೆ ಬಾ.”

“ಇವತ್ತು ತಾನೇ ಕತ್ತರಿಸಿದೀಯಲ್ಲ,” ಎಂದರು ಅಪ್ಪ. “ಇರ್ತೀನಿ ಇಲ್ಲೇ.”

ಬಿಸಿಲು ಸರಿದಂತೆ ಅವರು ಕುರ್ಚಿಯನ್ನೂ ಅಷ್ಟಷ್ಟೇ ಸರಿಸಿಕೊಂಡರು.