ಮಗಳಿಗೆ ಕಲಿಸದ ಮಗ್ಗ

ನವಲಗುಂದದ ದಾವೂದಸಾಬನ ಮನಿಗೆ ಹೋದರ ನಿಮಗ ಚಾ ಕೊಟ್ಟಾರು, ರೊಟ್ಟಿ ಕೊಟ್ಟಾರು, ಹೊತ್ತು ಮುಳುಗಿದ್ದರ ಹಾಸಿಗಿನೂ ಹಾಸಿಕೊಟ್ಟಾರು. ಮಗ್ಗದ ಖೋಲಿಯೊಳಗ ಮಾತ್ರ ಕಾಲಿಡಾಕ ಬಿಡಾಂಗಿಲ್ಲ. ಜಮಖಾನದ ಮ್ಯಾಲೆ ಹೂವು ಹೆಂಗ ಅರಳತೈತಿ, ನವಿಲಿನ ಕುತ್ತಿಗಿ ಹೆಂಗ ಬಾಗತೈತಿ ಅನ್ನೋದು ಆ ಮನಿ ಹೆಂಗಸರ ಗುಟ್ಟು. ಹೆಂಗಸರು ಅಂದರ ಸೊಸ್ತ್ಯಾರು ಮತ್ತ! ಹೆಣ್ಣಮಕ್ಕಳಿಗೆ ಕಲಿಸಾಂಗಿಲ್ಲ. ಮಗಳು ಇಂದಿಲ್ಲ ನಾಳೆ ಗಂಡನ ಮನಿಗೆ ಹೋಗಾಕಿ, ಗುಟ್ಟೂ ಆಕಿ ಕೂಡ ಗಾಡಿ ಹತ್ತಿ ಹೊಂಟಬಿಡತೈತಿ. ಅದಕ್ಕ ಹೂವು ಹಾಕೋ ಹೊತ್ತಿಗೆ ದಾವೂದಸಾಬನ ತಾಯಿ ಹಲೀಮಾಬಿ ದನಿ ಎತ್ತಿ ಕೂಗತಿದ್ದಳು:

“ಹೋಗಾಕ್ಯಾರು ಹೊರಗ ನಡೀರಿ!”

ಹೋಗಾಕ್ಯಾರು ಅಂದರ ಇಬ್ಬರು ಮೊಮ್ಮಕ್ಕಳು. ಸಣ್ಣಾಕಿ ಬಾಷಾಬಿ ಟಣ್ಣನ ಜಿಗಿದು ಅಂಗಳದಾಗ ಇರತಿದ್ದಳು. ದೊಡ್ಡಾಕಿ ಮರಿಯಮಬಿ ಎರಡೂ ಕೈ ನೆಲಕ್ಕ ಊರಿ, ಕಾಲು ಎಳಕೊಂತ, ಹೊಸ್ತಿಲಾ ದಾಟತಿದ್ದಳು. ಯಾರರೆ ಎತ್ತಾಕ ಹೋದರ ಸಿಟ್ಟು ಬರತಿತ್ತು ಆಕಿಗೆ. “ಬಿಡ್ರಿ, ನಾನೂ ಹೋಗಾಕಿ!” ಅಂತಿದ್ದಳು. ಕುಂಟಾಪಿಲ್ಲಿ ಇಲ್ಲ, ಜೋಕಾಲಿ ಇಲ್ಲ, ಯಾವುದರಾಗೂ ತಂಗಿ ಸರೀಕಳಾಗದ ಹುಡುಗಿ ಅದೊಂದರಾಗ ಸರೀಕಳು. ಖೋಲಿಯಿಂದ ಹೊರಗ ಹಾಕಿಸಿಕೊಂಡು ಅಷ್ಟು ಖುಷಿಪಡೋ ಹುಡುಗಿನ್ನ ನೀವು ಎಲ್ಲೂ ನೋಡಿರಾಂಗಿಲ್ಲ ಬಿಡ್ರಿ.

ಎರಡು ವರ್ಷದ ಕೂಸಿದ್ದಾಗ ಜ್ವರ ಬಂದಿತ್ತು. ತಾಯಿ ಜಮಾಲಬಿ ದರ್ಗಾಕ್ಕ ಹರಕಿ ಹೊತ್ತಳು, ತಾಯಿತ ಕಟ್ಟಿಸಿದಳು, ಎಣ್ಣಿ ತಿಕ್ಕಿದಳು. ಜ್ವರ ಹೋತು, ಹೋಗುವಾಗ ಎರಡೂ ಕಾಲಿನ ಶಕ್ತಿ ತಗೊಂಡು ಹೋತು. ಪೋಲಿಯೋ ಅಂತ ದವಾಖಾನಿಯವರು ಹೇಳಿದರು. ಆ ಹೆಸರು ಜಮಾಲಬಿ ಅಲ್ಲೀತನಕ ಕೇಳಿರಲೇ ಇಲ್ಲ.

ಆವಾಗಿಂದ ಅವರ ಮನಿಗೆ ನೆರವು ಅಂತ ಬಂದಾಕಿ ಒಬ್ಬಾಕಿನ, ನರ್ಸಬಾಯಿ ಶಾರದವ್ವ. ಎಂಥ ಹೆಣ್ಣಮಗಳು ಅಂತೀರಿ! ಬಿಸಲಾಗ ನಡಕೋತ ಬಂದು, ಪಡಸಾಲ್ಯಾಗ ಕುಂತು, ಹುಡುಗಿ ಕಾಲು ಹೆಂಗ ಮಡಚಬೇಕು, ಹೆಂಗ ಚಾಚಬೇಕು ತೋರಿಸಿ ಹೋಗತಿದ್ದಳು. ಹುಬ್ಬಳ್ಳ್ಯಾಗ ಪೋಲಿಯೋ ಮಕ್ಕಳ ಶಿಬಿರ ನಡದಾಗ ತಾನೇ ಬಸ್ ಹತ್ತಿಸಿ ಕರಕೊಂಡು ಹೋಗಿ ಕಬ್ಬಿಣದ ಪಟ್ಟಿ ಹಚ್ಚಿದ ಬೂಟು ಕೊಡಿಸಿಕೊಂಡು ಬಂದಳು. ಹುಡುಗಿ ಬೆಳೀತು, ಬೂಟು ಬೆಳೀಲಿಲ್ಲ. ಮತ್ತೊಂದು ಜೋಡಿಗೆ ಶಾರದವ್ವ ಮತ್ತ ಓಡಾಡಿದಳು.

ಆದರ ಒಂದಿನ ಆಕಿ ಆಡಬಾರದ ಮಾತು ಆಡಿದಳು. “ಜಮಾಲಬಿ, ಮರಿಯಮನ ಕೈ ಭಾಳ ಚಲೋ ಅದಾವ ನೋಡವಾ. ಮಗ್ಗದ ಕೆಲಸ ಕುಂತಲ್ಲೇ ಮಾಡೋದು. ಮನ್ಯಾಗs ಐತಿ. ಯಾಕ ಕಲಿಸವಲ್ಲಿ?”

ಜಮಾಲಬಿಗೆ ಸಿಟ್ಟು ನೆತ್ತಿಗೇರಿತು. “ಬಾಯಾರ, ನೀವು ಕಾಲಿನ ಸಲುವಾಗಿ ಬಂದೀರಿ, ಕಾಲು ನೋಡ್ರಿ. ನನ್ನ ಮಗಳು ಹೋಗಾಕಿ.”

“ನೀ ಇರೋತನಕ ನೀ ನೋಡಿಕೊಂತಿ, ಖರೆ. ಆಮ್ಯಾಲೆ?”

“ಆಮ್ಯಾಲೆ ಆಕಿ ಗಂಡ ಇರತಾನ!”

ಶಾರದವ್ವ ಚಾ ಅರ್ಧಕ್ಕ ಬಿಟ್ಟು ಚೀಲಾ ತಗೊಂಡು ಎದ್ದಳು. ಜಮಾಲಬಿ ಆ ಬಟ್ಟಲಾ ಎಷ್ಟು ಜೋರಿನಿಂದ ತೊಳದಳು ಅಂದರ ಅದರ ಕಿವಿ ಮುರದು ಕೈಯಾಗ ಬಂತು.

ಗಂಡ ಯಾರು ಅಂತೀರಿ? ಜಮಾಲಬಿ ಅಣ್ಣ ಅಣ್ಣಿಗೇರಿ ಮಾಬುಸಾಬ ಅದಾನಲ್ಲ, ಅವನ ಮಗ ಕಾಸೀಮ. ಮರಿಯಮಬಿ ಹುಟ್ಟಿದಾಗ ತೊಟ್ಟಲಾ ತೂಗಕೋತ ಮಾಬುಸಾಬ, “ಈಕಿ ನಮ್ಮ ಮನಿ ಸೊಸಿ” ಅಂದಿದ್ದ. ಜ್ವರ ಬಂದು ಹೋದ ಮ್ಯಾಲೆ ಆ ಮಾತು ಅವ ಮತ್ತೊಮ್ಮೆ ಆಡಲಿಲ್ಲ, ಇಲ್ಲ ಅಂತನೂ ಅನಲಿಲ್ಲ. ಜಮಾಲಬಿ ಅದನ್ನs ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಹುಚ್ಚ ಜೀವ. ಮಗಳನ್ನ ಮಗ್ಗದ ಮುಂದ ಕುಂದರಿಸಿದರ ಊರಿಗೆಲ್ಲಾ ಡಂಗುರ ಹೊಡದಂಗ: ಈ ಹುಡುಗಿ ಲಗ್ನ ಆಗಾಂಗಿಲ್ಲ, ಮನ್ಯಾಗs ಉಳಿಯಾಕಿ. ಬ್ಯಾರೆಯವರು ಅಂದರ ಅನ್ನಲಿ, ಹಡದ ತಾಯಿ ಹೆಂಗ ಅಂದಾಳು?

ಮಾಬುಸಾಬ ಬ್ಯಾಸಗಿ ಮುಗಿಯೋ ಹೊತ್ತಿಗೆ ಬಂದ. ಮರಿಯಮಬಿಗೆ ಆಗ ಹದಿನಾಲ್ಕು ನಡದಿತ್ತು. ಜಮಾಲಬಿ ಖೈಮಾ ಮಾಡಿದಳು, ಶ್ಯಾವಿಗಿ ಮಾಡಿದಳು. ಉಂಡು ಕೈ ತೊಳಕೊಂಡು ಮಾಬುಸಾಬ ಭಾಳ ಹೊತ್ತು ಟಾವೆಲ್ಲಿನಿಂದ ಕೈ ಒರಸಿದs ಒರಸಿದ.

“ಜಮಾಲಾ, ನಮ್ಮ ಕಾಸೀಮಗ ನಿನ್ನ ಮಗಳನ್ನ ಕೇಳೂಣು ಅಂತ ಬಂದೀನಿ. ಈಗs ಅಲ್ಲ, ನಾಲ್ಕಾರು ವರ್ಷ ಹೋಗಲಿ. ಮಾತು ಆಗಿರಲಿ ಅಂತ.”

ಜಮಾಲಬಿಗೆ ಮುಗಿಲು ಕೈಗೆ ಹತ್ತಿದಂಗ ಆತು. “ಅಲ್ಲಾನ ದೊಡ್ಡಾವ” ಅಂತ ಸೆರಗು ತಲಿ ಮ್ಯಾಲೆ ಎಳಕೊಂಡಳು.

“ಬಾಷಾಬಿನ್ನ” ಅಂದ ಮಾಬುಸಾಬ.

“ದೊಡ್ಡಾಕಿ ಇರೂದರೊಳಗ ಸಣ್ಣಾಕಿನ್ನ ಕೇಳತೀಯೇನು ಭಾಯಿ?”

“ನಾ ಏನ ಮಾಡಲಿ? ನೀರು ತರಬೇಕು, ಹೊಲಕ್ಕ ಬುತ್ತಿ ಒಯ್ಯಬೇಕು. ಮನ್ಯಾಗಿನಾಕಿ ಒಲ್ಲೆ ಅಂತಾಳ. ಹುಡುಗನೂ...” ಮಾಬುಸಾಬ ಅದೇ ಟಾವೆಲ್ಲಿನಿಂದ ಕಣ್ಣು ಒರಸಿಕೊಂಡ. ಕೆಟ್ಟಾವ ಅಲ್ಲ ಅಂವ. ಕೆಟ್ಟಾವ ಆಗಿದ್ದರ ಬೈದು ಕಳಸಿ ಹಗುರಾಗಬಹುದಿತ್ತು.

ಮರಿಯಮಬಿ ಅಂಗಳದಾಗ ಬಳ್ಳೊಳ್ಳಿ ಸುಲಕೋತ ಕುಂತಿದ್ದಳು. ಮಾಮು ಹೋಗುವಾಗ ಬಗ್ಗಿ ಆಕಿ ತಲಿ ಸವರಿದ. ಆಕಿ ನಕ್ಕು ಸಲಾಮ ಮಾಡಿದಳು.

ಅವತ್ತು ಜಮಾಲಬಿ ಅಳಲಿಲ್ಲ. ಮರುದಿನ ರೊಟ್ಟಿ ಬಡಿಯೋವಾಗ ಶಾರದವ್ವ ಕೇಳಿದ ‘ಆಮ್ಯಾಲೆ?’ ಅನ್ನೋದು ನೆನಪಾಗಿ ಒಮ್ಮಿಂದೊಮ್ಮೆಲೆ ದುಃಖ ಒತ್ತರಿಸಿ ಬಂತು. ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾತು. ಮುದುಕಿ ಹಲೀಮಾಬಿ ಬಂದು ರೊಟ್ಟಿ ತಿರುವಿ ಹಾಕಿ ಬಾಜೂಕ ಕುಂತಳು.

“ಅತ್ತಿ, ಇವತ್ತ ಹೂವು ಹಾಕೂದೈತಲ್ಲ” ಅಂದಳು ಜಮಾಲಬಿ. “ಮರಿಯಮ ಒಳಗs ಇರಲಿ.”

ಮುದುಕಿ ಸೊಸಿ ಮಾರಿ ನೋಡಿದಳು. ಸಕ್ಕರಿ ಡಬ್ಬಿ ಎಲ್ಲಿ ಐತಿ ಅಂತಷ್ಟ ಕೇಳಿದಳು.

ಸಕ್ಕರಿ ಯಾಕಂದರ, ಆ ಮನಿಗೆ ಬಂದ ಸೊಸಿನ್ನ ಮೊದಲ ಸಲ ಮಗ್ಗದ ಮುಂದ ಕುಂದರಿಸುವಾಗ ಅತ್ತಿ ಆಕಿ ಬಾಯಾಗ ಸಕ್ಕರಿ ಹಾಕಿ, ಎಳಿ ಬಡಿಯೋ ಕಬ್ಬಿಣದ ಪಂಜಾ ಕೈಗೆ ಕೊಡತಿದ್ದಳು. “ಇನ್ನ ನೀ ಎಲ್ಲಿಗೂ ಹೋಗಾಕಿ ಅಲ್ಲ” ಅಂತಿದ್ದಳು. ಜಮಾಲಬಿಗೂ ಹಂಗs ಹಾಕಿದ್ದರು. ಹೊಸ ಬಳಿ, ಕೈ ತುಂಬ ಮೆಹಂದಿ, ಎಷ್ಟು ಸವಿ ಹತ್ತಿತ್ತು ಆವತ್ತು ಆ ಮಾತು!

ಖೋಲ್ಯಾಗ ಮಗ್ಗ ಗ್ವಾಡಿಗೆ ಆನಿಕೊಂಡು ನಿಂತಿತ್ತು. ಕೆಂಪು, ಹಳದಿ ನೂಲಿನ ಉಂಡಿ ಹರವಿದ್ದವು. ಹಲೀಮಾಬಿ ರೂಢಿಯಂಗ ಕೂಗಿದಳು, ದನಿ ಮಾತ್ರ ಮೊದಲಿನಂಗ ಏಳಲಿಲ್ಲ. ಬಾಷಾಬಿ ಜಿಗಿದು ಹೊರಗ ಹೋದಳು. ಮರಿಯಮಬಿ ಎರಡೂ ಕೈ ನೆಲಕ್ಕ ಊರಿದಳು.

“ನೀ ಕುಂದರವಾ” ಅಂದಳು ಜಮಾಲಬಿ.

“ಯಾಕಮ್ಮಾ? ಹೂವು ಹಾಕೂದೈತೆಲ್ಲಾ.”

“ಹಾಕೂದೈತಿ. ನೀ ಕುಂದರು.”

ಹುಡುಗಿ ಕೇಳದೇ ಹೊಸ್ತಿಲತನಕ ಸರದಳು. ಅಲ್ಲೇ ಕುಂತು ತಿರುಗಿ ನೋಡಿದರ ದಾದಿ ಹಲೀಮಾಬಿ ಕೈಯಾಗ ಸಕ್ಕರಿ ಹಿಡಕೊಂಡು ನಿಂತಾಳ. ಅಮ್ಮನ ಕೈಯಾಗ ಪಂಜಾ.

“ದಾದಿ, ಅದು ಸೊಸಿಗೆ ಹಾಕೋದಲ್ಲೇನು?”

ಜಮಾಲಬಿ ಮಗಳ ಮುಂದ ಹೋಗಿ ಕುಂತಳು. ಇಷ್ಟು ವರ್ಷ ಆಕಿಗೆ ಎಷ್ಟು ಸುಳ್ಳು ಹೇಳಿದ್ದಳು! ಕಾಲು ಬರತಾವ, ಮುಂದಿನ ಈದಿಗೆ ನಡೀತಿ, ನಿನಗ ಹಸಿರು ಶರಾರಾ ಹೊಲಸ್ತೇನಿ. ಈಗ ಒಂದೂ ನಾಲಗಿ ಮ್ಯಾಲೆ ಬರವಲ್ದು.

“ಹಂಗಾದರ ನಾ ಹೋಗಾಕಿ ಅಲ್ಲ?” ಅಂದಳು ಮರಿಯಮಬಿ.

“ಅಲ್ಲವಾ, ನನ್ನ ಬಂಗಾರಾ” ಅಂದಳು ಜಮಾಲಬಿ. ಅಂದು, ಬಾಯಿಗೆ ಸೆರಗು ಒತ್ತಿ, ಹುಡುಗಿ ಮುಂದs ಬಿಕ್ಕಿ ಬಿಕ್ಕಿ ಅತ್ತಳು.

ಮರಿಯಮಬಿ ಅಳಲಿಲ್ಲ. ತನ್ನ ಕಾಲು ನೋಡಿಕೊಂಡಳು, ಅಂಗಳ ನೋಡಿದಳು. ಆಮ್ಯಾಲೆ ಕೈ ಊರಿ ಹೊಳ್ಳಿ ಸರಕೋತ ಬಂದು ಮಗ್ಗದ ಮುಂದ ಕುಂತು ಬಾಯಿ ತೆರದಳು. ಹಲೀಮಾಬಿ ಸಕ್ಕರಿ ಹಾಕಿದಳು. ಹಾಕುವಾಗ ಆಡಬೇಕಾದ ಮಾತು ಆಡಲಿಲ್ಲ.

ಜಮಾಲಬಿ ಮಗಳ ಬೆರಳಿಗೆ ತನ್ನ ಬೆರಳು ಕೂಡಿಸಿ ಕೆಂಪು ಎಳಿ ಹೆಂಗ ಹಾಯಿಸಬೇಕು ತೋರಿಸಿದಳು. ಶಾರದವ್ವ ಹೇಳಿದ್ದು ಖರೆ, ಕೈ ಭಾಳ ಚಲೋ ಇದ್ದವು. ಪಂಜಾ ಬಿತ್ತು, ಎಳಿ ಕುಂತಿತು.

ಹೊರಗಿಂದ ಬಾಷಾಬಿ ಕೂಗಿದಳು. “ಆಪಾ! ಯಾಕ ಬರವಲ್ಲಿ? ಬಾರs, ಆಡೂಣು!”

“ನೀ ಆಡು” ಅಂದಳು ಮರಿಯಮಬಿ. “ನನಗ ಕೆಲಸೈತಿ.”

ಮತ್ತೊಂದು ಎಳಿ ತಗೊಂಡಳು. ತಿರುಗಿ ನೋಡದೇ, ಮನಿ ಸೊಸಿ ಮಾತಾಡಿದಂಗ, ಸಣ್ಣ ದನಿಯಾಗ ಅಂದಳು: “ಅಮ್ಮಾ, ಬಾಗಲಾ ಹಾಕು. ಹೋಗಾಕಿ ನೋಡಿಗೀಡ್ಯಾಳು.”

ಜಮಾಲಬಿ ಎದ್ದು ಹೋಗಿ ಬಾಗಲಾ ಹಾಕಿದಳು.