ಭಾಮಾ ಅತ್ಯಾನ ಒಪ್ಪತ್ತು

ಕಥೆ ಮುಗಿಸದೆ ಅಡ್ಡಾಡುವುದು ತಪ್ಪು ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆ ಅಂತಲ್ಲ, ಆ ಮಾತು ಬೇರೆ.

ವಾಡಿಯ ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮಣ್ಣ ಕೌಸ್ತುಭ ಈ ವರ್ಷ, ಅಂದರೆ 2007ರ ಬೇಸಿಗೆಯಲ್ಲಿ, ಶಹಾಬಾದಿನ ನಮ್ಮ ಮನೆಗೆ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟ. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಗುಲ್ಬರ್ಗಕ್ಕೆ ಹೋಗಿ ಏನಾದರೂ ಕೋರ್ಸು ಮಾಡುತ್ತೇನೆ ಅಂದರೆ ಅಪ್ಪ ಪಾಂಡುರಂಗರಾಯರು, 'ಹುಡುಗಿ ಒಬ್ಬಕಿ ದಿನಾ ರೈಲಿನಾಗ ಹೋಗಿ ಬರೂದು ಬ್ಯಾಡ' ಎಂದು ಪೇಪರು ಮಡಚಿಟ್ಟರು. ಸೇಡಂನಿಂದ ಒಂದು ಸಂಬಂಧ ಬಂದು ಜಾತಕದಲ್ಲಿ ಬಿದ್ದುಹೋಯಿತು. ಚಿತ್ತಾಪುರದ್ದೊಂದು ಇನ್ನೂ ಮಾತಿನಲ್ಲೇ ಇತ್ತು. ನಾನು ಮಠಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಅಷ್ಟೇ ನನ್ನ ಲೋಕ.

ಆಟದ ಸಿ.ಡಿ.ಯನ್ನು ಅಣ್ಣನಿಗೆ ಕೊಟ್ಟವನು ಅವನ ದೋಸ್ತ ಗುಲಾಮ ದಸ್ತಗೀರ. ಅದರಲ್ಲಿ ಒಬ್ಬ ಮುದುಕ ಸಿಪಾಯಿ. ಶುರುವಿನಲ್ಲೇ ಅವನ ಮಗಳನ್ನು ಹೊತ್ತೊಯ್ದು ಒಂದು ಕರಿ ಕೋಟೆಯಲ್ಲಿ ಇಡುತ್ತಾರೆ. ಅವನು ಹೋಗಿ ಬಿಡಿಸಬೇಕು. ಕಥೆ ಇಷ್ಟೇ. ಆದರೆ ಆ ಕೋಟೆಯ ಸುತ್ತ ಇರುವ ನಾಡು ಎಷ್ಟು ದೊಡ್ಡದೆಂದರೆ, ಯಾವ ಗುಡ್ಡ ಕಂಡರೂ ಹತ್ತಬಹುದು, ಯಾವ ಹೊಳೆ ಬಂದರೂ ದಾಟಬಹುದು, ಕುದುರೆ ಹಿಡಿದು ಸಂಜೆತನಕ ಸುಮ್ಮನೆ ಓಡಿಸಬಹುದು. ಎಲ್ಲಿಗೆ ಹೊರಟೆ, ಯಾವಾಗ ಬರುತ್ತೀ ಎಂದು ಕೇಳುವವರಿಲ್ಲ. ನನಗೆ ಹುಚ್ಚೇ ಹಿಡಿಯಿತು.

ಅಣ್ಣನಿಗೆ ಇದು ಸೇರುತ್ತಿರಲಿಲ್ಲ. ಅವನಿಗೆ ಒಂದೇ ದಾರಿಯಲ್ಲಿ ಕೈಹಿಡಿದು ಎಳೆದುಕೊಂಡು ಹೋಗುವ ಆಟ ಬೇಕು.

'ಅಂವನ ಮಗಳು ಕೋಟಿಯೊಳಗ ಬಿದ್ದಾಳ, ನೀ ಮೀನು ಹಿಡೀಲಿಕತ್ತಿ. ನಾಚಿಕಿ ಬರಂಗಿಲ್ಲೇನು?' ಎಂದ ಒಂದು ಭಾನುವಾರ.

'ಅಕಿ ಎಲ್ಲಿಗಿ ಹೋಗ್ತಾಳ? ನಾ ಹೋಗೋತನಕ ಕಥಿ ನಿಲ್ತದ.'

'ಅದೇ ಈ ಆಟದ ಖೋಡಿ. ಕಥಿ ಅಂದ್ರ ಹಿಂದಿನಿಂದ ನೂಕಬೇಕು.'

'ನನ್ನ ನೂಕೋರು ಮನ್ಯಾಗ ಭಾಳ ಮಂದಿ ಇದ್ದಾರ. ಆಟದಾಗರೆ ಬಿಡು ಮಾರಾಯ.'

ಅವನು ನಕ್ಕ. ಆಮೇಲೆ ಒಂದು ಮಾತು ಹೇಳಿದ. ಕೋಟೆಗೆ ಹೋಗಿ ಮಗಳನ್ನು ಬಿಡಿಸಿದ ಕೂಡಲೇ ಆಟ ಮುಗಿದು, ನಾನು ಅಲ್ಲಿಯವರೆಗೆ ಆಡಿದ್ದೆಲ್ಲ ಅಳಿಸಿಹೋಗುತ್ತದಂತೆ. ಕುದುರೆ, ಗುಡ್ಡ, ಹುಡುಕಿಟ್ಟ ಊರು, ಯಾವುದೂ ಉಳಿಯುವುದಿಲ್ಲ. ಬೇಕಾದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಮತ್ತೆ ಮಗಳನ್ನು ಹೊತ್ತೊಯ್ಯುವಲ್ಲಿಂದ. ಅವತ್ತೇ ನಾನು ಕೋಟೆಯ ದಿಕ್ಕಿಗೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಭಾಮಾ ಅತ್ಯಾ ಆಗ ಅಲ್ಲೇ ಕುಳಿತು ಹೂಬತ್ತಿ ಹೊಸೆಯುತ್ತಿದ್ದಳು. ಅವಳು ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಾಳೆ. ಪುರಾಣ ಕೇಳುವುದೆಂದರೆ ಅವಳಿಗೆ ಪ್ರಾಣ. ಮಳಖೇಡದ ಮಠದಲ್ಲಿ ಪ್ರವಚನ ಶುರುವಾದರೆ ಕಾಗಿಣಾ ಹೊಳೆ ತುಂಬಿದ್ದರೂ ಹೋಗಲೇಬೇಕು. ಜೊತೆಗೊಂದು ನೇಮ. ಪುರಾಣ ಹಿಡಿದ ದಿನದಿಂದ ಮಂಗಳ ಆಗುವತನಕ ಒಪ್ಪತ್ತು, ದಿನಕ್ಕೊಂದೇ ಊಟ. ಮಂಗಳದ ದಿನ ಹೋಳಿಗೆ ಮಾಡಿ, ಆರತಿ ಮಾಡಿಸಿ, ಆ ಸಂಜೆಯಿಂದ ಮತ್ತೆ ಎರಡು ಹೊತ್ತು ಉಣ್ಣುವುದು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಆಡುತ್ತಿದ್ದರೆ ಅವಳು ಹತ್ತಿ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ಇಂಗ್ಲಿಷ್ ಬರುವುದಿಲ್ಲ. ನಾನೇ ಓದಿ ಹೇಳಬೇಕು. ಮಗಳನ್ನು ಹೊತ್ತೊಯ್ದದ್ದು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗಿಯ ಹೆಸರು ಬಾಯಿಗೆ ಬರಲಿಲ್ಲವೆಂದು ತಾನೇ ಶ್ರೀವಾಣಿ ಎಂದು ಹೆಸರಿಟ್ಟಳು. ನಕಾಶೆ ತೆರೆದಾಗ ಮಗಳಿರುವ ಕಡೆ ಒಂದು ಕೆಂಪು ಚುಕ್ಕಿ ಕಾಣುತ್ತದೆ, ಅವಳು ಸಿಕ್ಕ ಮೇಲೆ ಅದು ಆರುತ್ತದೆ ಎಂದು ನಾನೇ ತೋರಿಸಿಕೊಟ್ಟಿದ್ದೆ.

'ಕೆಂಪು ಚುಕ್ಕಿ ಇನ್ನೂ ಅಲ್ಲೇ ಅದ ಏನು?' ಎಂದು ದಿನಾ ಕೇಳುತ್ತಿದ್ದಳು.

ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ದಾರಿ ಕೆಟ್ಟದ ಅತ್ಯಾ. ಸಿಪಾಯಿಗೆ ಜ್ವರ ಬಂದಾವ. ಅವಳು 'ಪಾಪ' ಎಂದು ಬತ್ತಿ ಹೊಸೆಯುತ್ತಿದ್ದಳು. ನಾನು ಹಿಮದ ಗುಡ್ಡ ಹತ್ತುತ್ತಿದ್ದೆ.

ಚಾತುರ್ಮಾಸ್ಯ ಮುಗಿಯಿತು, ತುಳಸಿ ಲಗ್ನವಾಯಿತು. ಮನೆಯಲ್ಲಿ ಎಲ್ಲರ ವ್ರತಗಳೂ ಮುಗಿದವು. ಅತ್ಯಾ ಮಾತ್ರ ಸಂಜೆ ತಾಟಿನ ಮುಂದೆ ಬರಲಿಲ್ಲ.

'ಈಗ ಯಾವ ಪುರಾಣ ನಡದದರಿ, ಅಕ್ಕಾರ?' ಎಂದು ಅಮ್ಮ ಕೇಳಿದಳು.

'ನಡದದ ಒಂದು' ಎಂದಳು ಅತ್ಯಾ, ನನ್ನ ಕಡೆ ನೋಡದೆ.

ನನಗೆ ಆಗ ಹೊಳೆಯಿತು. ಮಠದ ಪುರಾಣ ಒಂದು ವಾರಕ್ಕೆ ಮುಗಿಯುತ್ತದೆ. ನನ್ನ ಆಟದ ಕಥೆ ಬೇಸಿಗೆಯಲ್ಲಿ ಹಿಡಿದದ್ದು.

ಆಗಲೇ ಕೂತು ಮುಗಿಸಿಬಿಡಬೇಕಿತ್ತು. ನಾಳೆ ಎಂದೆ. ಆಚೆಗೊಂದು ಸಮುದ್ರ ಕಾಣುತ್ತಿತ್ತು, ಅದನ್ನೊಂದು ನೋಡಿಬಿಡೋಣ ಎಂದೆ. ನಾನು ಸಮುದ್ರವನ್ನು ಕಣ್ಣಾರೆ ಎಂದೂ ಕಂಡವಳಲ್ಲ. ಅದೇ ವಾರ ಒಂದು ಬೆಳಿಗ್ಗೆ ಅತ್ಯಾ ತುಳಸಿಕಟ್ಟೆಯ ಮುಂದೆ ತಲೆಸುತ್ತಿ ಬಿದ್ದಳು. ಹಾಸುಗಲ್ಲಿಗೆ ಬಡಿದು ಹುಬ್ಬು ಒಡೆಯಿತು. ಡಾಕ್ಟರು ನಾಡಿ ನೋಡಿ, ಈ ವಯಸ್ಸಿನಲ್ಲಿ ಹೊಟ್ಟೆ ಕಟ್ಟಿದರೆ ಮುಂದಿನ ಸಲ ಹುಬ್ಬಿಗೇ ನಿಲ್ಲುವುದಿಲ್ಲ ಎಂದರು.

'ಯಾವ ಮಠದಾಗ ನಡದದ ಆ ಪುರಾಣ? ನಾ ಹೋಗಿ ಆಚಾರ್ರಿಗಿ ಕೈ ಮುಗಿದು ಲಗೂನ ಮುಗಸ್ರಿ ಅಂತೀನಿ' ಎಂದರು ಅಪ್ಪ.

ಅತ್ಯಾ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಮುಂದೆ ಮಾಡಿದ್ದು ಹೇಳಲಿಕ್ಕೂ ಅಸಹ್ಯ. ಎಲ್ಲರೂ ಆಚೆ ಹೋದ ಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ, 'ಅತ್ಯಾ, ಶ್ರೀವಾಣಿ ಸಿಕ್ಕಳು' ಎಂದೆ.

ಅವಳು ಎದ್ದು ಕೂತಳು. 'ಖರೇನಾ? ಅಪ್ಪನ್ನ ನೋಡಿ ಏನಂದಳು?'

'ಓಡಿ ಬಂದು ಕಾಲಿಗಿ ಬಿದ್ದಳು. ಇಬ್ಬರೂ ಅತ್ತರು.'

ಮರುದಿನ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡೇ ಹೂರಣ ರುಬ್ಬಿದಳು. ನನ್ನ ಕೈಯಲ್ಲಿ ಆರತಿ ತಟ್ಟೆ ಕೊಟ್ಟು ಕಂಪ್ಯೂಟರಿಗೆ ಬೆಳಗಿಸಿದಳು. ಸುಳ್ಳು ಮಂಗಳಕ್ಕೆ ನಾನು ಆರತಿ ಎತ್ತಿದೆ. ಅಮ್ಮ ಬಾಗಿಲಲ್ಲಿ ನಿಂತು, 'ಇದಕ್ಯಾಕ್ರಿ ಆರತಿ?' ಎಂದು ನಕ್ಕಳು. ಸಂಜೆ ಅತ್ಯಾ ಉಂಡಳು. ನನಗೆ ಹಗುರಾಯಿತು ಅಂದರೆ ಸುಳ್ಳಾಗುತ್ತದೆ, ಆದರೆ ಸಮುದ್ರ ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಅದರ ಮರುದಿನ ಮಧ್ಯಾಹ್ನ ಅತ್ಯಾ ಮಲಗಿದ್ದಾಳೆಂದು ನಾನು ಆಟ ತೆರೆದೆ. ಸಮುದ್ರಕ್ಕೆ ದಾರಿ ಯಾವುದೆಂದು ನಕಾಶೆ ನೋಡುತ್ತಿದ್ದೆ. ಹಿಂದಿನಿಂದ ಬಳೆಯಿಲ್ಲದ ಕೈಯೊಂದು ತಟ್ಟೆ ಇಟ್ಟಿತು. ಬಿಸಿ ಮಾಡಿ ತಂದ ಹೋಳಿಗೆ.

ಅತ್ಯಾ ಪರದೆಯನ್ನೇ ನೋಡುತ್ತಿದ್ದಳು. ಕೆಂಪು ಚುಕ್ಕಿ ಇದ್ದಲ್ಲೇ ಇತ್ತು.

'ತುಪ್ಪ ಹಾಕೀನಿ, ತಿನ್ನು' ಎಂದು ಹೇಳಿ ಒಳಗೆ ಹೋದಳು. ಬೈದಿದ್ದರೆ ನಾನೂ ಎರಡು ಮಾತು ಆಡಿ ಜಗಳ ತೆಗೆದು ಪಾರಾಗುತ್ತಿದ್ದೆ.

ಸಂಜೆ ಅಮ್ಮ ಊಟಕ್ಕೆ ಕರೆದಾಗ ಅತ್ಯಾ, 'ನನಗ ಬ್ಯಾಡ. ಒಪ್ಪತ್ತು' ಎಂದಳು.

'ನಿನ್ನೆನೇ ಮಂಗಳ ಆಯ್ತಲ್ರಿ?'

'ಒಂದು ಅಧ್ಯಾಯ ಬಿಟ್ಟು ಹೋಗಿತ್ತು.'

ನಾನು ತಾಟು ಬಿಟ್ಟು ಎದ್ದೆ. ಅತ್ಯಾನ ಕೈ ಹಿಡಿದು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದೆ. ಕುದುರೆಯನ್ನು ಕೋಟೆಯ ಕಡೆ ತಿರುಗಿಸಿದೆ. ಬೇಸಿಗೆಯಿಂದ ನಾನು ತಪ್ಪಿಸುತ್ತ ಬಂದ ಆ ದಾರಿ ನೋಡಿದರೆ ಬಹಳ ಹತ್ತಿರದ್ದು. ಕಾವಲಿನವರನ್ನು ಹೊಡೆದು ಮೇಲಿನ ಕೋಣೆಯ ಬಾಗಿಲು ತೆರೆದೆವು. ಹುಡುಗಿ ಓಡಿ ಬರಲಿಲ್ಲ, ಕಾಲಿಗೂ ಬೀಳಲಿಲ್ಲ. ಕಿಟಕಿಯ ಹತ್ತಿರ ಕೂತವಳು ತಿರುಗಿ ಒಂದೇ ಮಾತು ಕೇಳಿದಳು.

'ಏನಂದಳು?' ಎಂದಳು ಅತ್ಯಾ.

'ಇಷ್ಟು ತಡ ಯಾಕ ಮಾಡಿದಿ ಅಂತ ಕೇಳ್ಯಾಳ.'

ಕೆಳಗೆ ಎರಡು ಉತ್ತರ ಮೂಡಿದವು, ಒಂದನ್ನು ಆರಿಸಿ ಒತ್ತಬೇಕು. ನಾನು ಓದಿ ಹೇಳಿದೆ. ಒಂದು, ದಾರಿ ಕೆಟ್ಟಿತ್ತು ಮಗಳೇ. ಇನ್ನೊಂದು, ತಪ್ಪಾಯಿತು.

'ಯಾವುದು ಖರೆ ಅದ, ಅದನ್ನ ಒತ್ತು' ಎಂದಳು ಅತ್ಯಾ.

ಒತ್ತಿದೆ. ಹುಡುಗಿ ಎದ್ದು ಅಪ್ಪನ ಕೈ ಹಿಡಿದಳು. ಕೆಂಪು ಚುಕ್ಕಿ ಆರಿತು. ಒಂದಿಷ್ಟು ಹೆಸರುಗಳು ಸರಿದುಹೋಗಿ ಪರದೆ ಕಪ್ಪಾಯಿತು. ಸಮುದ್ರ, ಹಿಮದ ಗುಡ್ಡ, ಕುದುರೆ, ಎಲ್ಲವೂ ಹೋದವು. ನನಗೆ ಅಳು ತಡೆಯಲಾಗಲಿಲ್ಲ. 'ತಪ್ಪಾಯ್ತು ಅತ್ಯಾ' ಎಂದು ಅವಳ ಮಡಿಲಲ್ಲಿ ಮುಖ ಇಟ್ಟೆ. ಸೀರೆಗೆ ಹತ್ತಿ ಎಳೆ ಅಂಟಿಕೊಂಡಿದ್ದವು.

ಅವಳು ನನ್ನ ತಲೆ ಸವರುತ್ತ ಕಪ್ಪು ಪರದೆಯನ್ನು ನೋಡಿದಳು. 'ಮುಗಿದ್ರ ಎಲ್ಲಾ ಅಳಸಿ ಹೋಗ್ತದ ಅಂತ ಕೌಸ್ತುಭ ಅವತ್ತೇ ಹೇಳಿದ್ನಲ್ಲ, ನಾ ಕೇಳೀನಿ. ಅದಕ್ಕ ನಾ ಜಿದ್ದು ಮಾಡ್ಲಿಲ್ಲ. ಈಗ ನೀ ಎಲ್ಲಿ ಅಡ್ಡಾಡ್ತಿ?'

ನಾನು ಅವಳ ಸೆರಗಿನಿಂದಲೇ ಕಣ್ಣೊರೆಸಿಕೊಂಡೆ.

'ಮತ್ತ ಮೊದಲಿನಿಂದ ಹಚ್ಚು' ಎಂದಳು. 'ನನಗೇನು, ಒಪ್ಪತ್ತು ರೂಢಿ ಆಗೇದ.'

ನಾನು ಎದ್ದು ಕಂಪ್ಯೂಟರಿನ ಸ್ವಿಚ್ ಆರಿಸಿದೆ. ಅಡುಗೆಮನೆಗೆ ಕರೆದೊಯ್ದು ಅವಳ ತಾಟು ಇಟ್ಟು ನಾನೇ ಬಡಿಸಿದೆ. ಅವಳು ಎರಡು ಭಕ್ಕರಿ ಉಂಡು, ಇನ್ನರ್ಧ ಹಾಕು ಎಂದಳು. ನನ್ನ ತಾಟಿನಲ್ಲಿ ಬಿಟ್ಟುಹೋದ ಅನ್ನ ತಣ್ಣಗಾಗಿತ್ತು. ಕಲಸಿದೆ, ಆದರೆ ಉಣ್ಣದೆ ಕೈ ತೊಳೆದೆ.