ಬಾಲ್ಕನಿಯಿಂದ ಇಳಿದ ಬುಟ್ಟಿ

ನನ್ನ ಗಂಡ ತಾನು ಹುಟ್ಟಿದ ಊರಿಗೆ ಪ್ರವಾಸಿಯಾಗಿ ಹೋದ. ಹೀಗೂ ಉಂಟೇ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ನಾವು ನೆಲೆಸಿರುವ ಉತ್ತರದ ಟುರಿನ್‌ನಲ್ಲಿ ರೈಲು ಹತ್ತುವ ಮುಂಚೆ ಅಗಲ ಅಂಚಿನ ಟೋಪಿ ಕೊಂಡ, ಕಪ್ಪು ಕನ್ನಡಕ ಕೊಂಡ, ಮಗಳ ಹಳೇ ಕ್ಯಾಮೆರಾವನ್ನು ಕುತ್ತಿಗೆಗೆ ನೇತುಹಾಕಿಕೊಂಡ.

"ಇದೇನು ವೇಷ ಮಾರಾಯ? ಬ್ಯಾಂಕ್ ದೋಚೋಕೆ ಹೊರಟಿದ್ದೀಯಾ?" ಎಂದೆ.

"ತಾರಾಂತೊದಲ್ಲಿ ಯಾರೂ ಗುರುತು ಹಿಡೀಬಾರ್ದು ವೀಟಾ. ನಾನು ಸಿದ್ಧ ಆದಾಗ ನಾನೇ ಹೋಗಿ ಅವನ ಬಾಗಿಲು ತಟ್ತೀನಿ."

ಅವನು ಎಂದರೆ ದೊಡ್ಡಪ್ಪನ ಮಗ. ಹೆಸರು ಕತಾಲ್ದೊ ಶಾಲ್ಪಿ. ನನ್ನ ಗಂಡನ ಹೆಸರೂ ಕತಾಲ್ದೊ ಶಾಲ್ಪಿ. ನಮ್ಮ ದಕ್ಷಿಣದ ಕಡೆ ಮೊದಲ ಗಂಡುಮಗುವಿಗೆ ತಾತನ ಹೆಸರನ್ನೇ ಇಡಬೇಕು. ಅಣ್ಣತಮ್ಮ ಇಬ್ಬರಿಗೂ ಒಂದೇ ವರ್ಷ ಗಂಡು ಹುಟ್ಟಿದರೆ ತಾತನೇನು ಎರಡು ಹೆಸರು ಇಟ್ಟುಕೊಂಡಿರುತ್ತಾನೆಯೇ? ಅಪ್ಪಂದಿರು ಸಮುದ್ರದ ಮೇಲೇ ಇರುತ್ತಿದ್ದರಿಂದ ಇಬ್ಬರನ್ನೂ ಸಾಕಿದ್ದು ಅಜ್ಜಿ. ಊರವರು ಒಬ್ಬನನ್ನು ಕರಿಯ ಎಂದರು, ನನ್ನವನನ್ನು ಬಿಳಿಯ ಎಂದರು. ಅಜ್ಜಿ ಸಿಟ್ಟಿನಿಂದ ಒಬ್ಬನನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡರೆ, ಇನ್ನೊಬ್ಬ ಬಾಲ್ಕನಿಯಿಂದ ತರಕಾರಿ ಬುಟ್ಟಿಗೆ ಬೀಗದ ಕೈ ಹಾಕಿ ಹಗ್ಗದಲ್ಲಿ ಇಳಿಸುತ್ತಿದ್ದನಂತೆ. ಈ ಕಥೆಯನ್ನು ನನ್ನ ಗಂಡ ಎಷ್ಟು ಸಲ ಹೇಳಿದ್ದಾನೋ, ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಅಂಥವರ ನಡುವೆ ಮಾತು ನಿಂತದ್ದು ಅಜ್ಜಿಯ ಮಣ್ಣಿನ ದಿನ. ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲವೆಂದು ನನ್ನವನು ತಡವಾಗಿ ಹೊರಟ. ಸ್ಮಶಾನದ ಗೇಟು ಮುಟ್ಟುವ ಹೊತ್ತಿಗೆ ಸಮಾಧಿಗೆ ಕಲ್ಲು ಮುಚ್ಚಿಯಾಗಿತ್ತು. ಕರಿಯ ಊರವರ ಮುಂದೆಯೇ ಇವನ ಕೆನ್ನೆಗೆ ಬಾರಿಸಿದ. ಇವನು ತಂದಿದ್ದ ಸೂಟ್‌ಕೇಸನ್ನು ಬಿಚ್ಚದೆ ಹಾಗೇ ಎತ್ತಿಕೊಂಡು ವಾಪಸು ರೈಲು ಹತ್ತಿದ. ಆಮೇಲೆ ಹಬ್ಬಕ್ಕೂ ಇಲ್ಲ, ಮದುವೆಗೂ ಇಲ್ಲ, ಒಂದು ಫೋನೂ ಇಲ್ಲ. ಈ ವಸಂತದಲ್ಲಿ ಇವನ ಹೃದಯ ಒಮ್ಮೆ ಕೈಕೊಡುವಂತೆ ಮಾಡಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ತೆರೆದವನೇ ಹೇಳಿದ್ದು, "ಸಾಯೋ ಮುಂಚೆ ಕರಿಯನ ಹತ್ರ ಒಂದು ಮಾತಾಡ್ಬೇಕು" ಎಂದು. ಪಕ್ಕದಲ್ಲಿ ಕೂತಿದ್ದ ಹೆಂಡತಿಯ ನೆನಪೂ ಆಗಲಿಲ್ಲ, ಇರಲಿ.

ಹೀಗೆ ಬಂದೆವು. ಹಳೇ ಊರಿನ ದ್ವೀಪಕ್ಕೆ ಹೋಗುವ ಸೇತುವೆಯ ಈಚೆ ದಡದಲ್ಲೇ ಹೋಟೆಲು. ಮೊದಲ ದಿನ ಸಾಹೇಬರು ಕೋಟೆ ನೋಡಿದರು. ತಾನು ಚಡ್ಡಿ ಹರಿದುಕೊಂಡು ಏರಿಳಿದಿದ್ದ ಕೋಟೆಗೆ ಟಿಕೆಟ್ ತೆಗೆಸಿ, ಗೈಡ್ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದರು. ಮೀನು ಕಟ್ಟೆಯ ಮೇಲೆ ಕೊಸಿಮೊ ಎಂಬ ಮುದುಕ ಕರಿ ಚಿಪ್ಪುಮೀನು ಮಾರುತ್ತಿದ್ದ. ಇವನನ್ನು ಕಂಡವನೇ ಕೈಯಲ್ಲಿದ್ದ ಚಾಕು ನಿಲ್ಲಿಸಿ ನೋಡಿದ. ಇವನು ಟೋಪಿ ಇನ್ನಷ್ಟು ಕೆಳಕ್ಕೆಳೆದು, ಉತ್ತರದವರ ಹಾಗೆ ಮೂಗಿನಲ್ಲಿ ಮಾತಾಡಿ ಬೆಲೆ ಕೇಳಿ, ಏನೂ ಕೊಳ್ಳದೆ ಮುಂದಕ್ಕೆ ಹೋದ.

"ಆತ ಗುರುತು ಹಿಡಿದ" ಎಂದೆ.

"ಇಲ್ಲ."

"ನಡಿಗೆಗೆ ಟೋಪಿ ಹಾಕೋಕಾಗುತ್ತಾ? ನಡಿ, ಈಗಲೇ ಅವನ ಮನೆಗೆ ಹೋಗೋಣ."

"ನಾಳೆ" ಎಂದ.

ಮರುದಿನ ಬೆಳಿಗ್ಗೆ ಕರಿಯನ ಓಣಿಗೆ ಕರೆದುಕೊಂಡು ಹೋದನೇನೋ ನಿಜ. ಎದುರುಬದುರಿನ ಮನೆಯವರು ಕೈ ಚಾಚಿದರೆ ಉಪ್ಪು ಕೊಡಬಹುದು, ಅಷ್ಟು ಇಕ್ಕಟ್ಟು. ಮೂರನೇ ಮಹಡಿಯಲ್ಲಿ, ಈಗ ಕರಿಯ ವಾಸವಾಗಿರುವ ಅಜ್ಜಿಯ ಮನೆಯ ಬಾಲ್ಕನಿ, ಒಣಹಾಕಿದ ಬಿಳಿ ಹಾಸಿಗೆ ಬಟ್ಟೆ, ಅರ್ಧ ತೆರೆದ ಹಸಿರು ಕಿಟಕಿ. ಅದರ ಕೆಳಗೇ ಹಡಗಿನಿಂದ ಇಳಿದ ಪರದೇಶಿಗಳ ಗುಂಪೊಂದು ಬಾಯಿ ತೆರೆದುಕೊಂಡು ನಿಂತಿತ್ತು. ನಾವು ಆ ಗುಂಪಿನ ಬಾಲಕ್ಕೆ ಸೇರಿಕೊಂಡೆವು.

"ಕೂಗು" ಎಂದೆ. "ಕರಿಯಾ ಅಂತ ಒಂದು ಸಲ ಕೂಗು, ಸಾಕು."

"ಇಷ್ಟು ಜನರ ಮುಂದೆ ಹೇಗೆ ಕೂಗಲಿ? ಸಂಜೆ ಬರೋಣ" ಎಂದು ಕ್ಯಾಮೆರಾ ಮುಖಕ್ಕೆ ಹಿಡಿದುಕೊಂಡ.

ಆಗ ಮೇಲಿನಿಂದ ಬುಟ್ಟಿ ಇಳಿಯಿತು. ಹಗ್ಗ ಬಿಡುತ್ತಿದ್ದವರು ಬಟ್ಟೆಯ ಹಿಂದಿದ್ದರು, ಕಾಣಿಸಲಿಲ್ಲ. ಬುಟ್ಟಿ ಮೆಲ್ಲಗೆ ತೂಗಾಡುತ್ತ ಬಂದು ಎದೆಮಟ್ಟಕ್ಕೆ ನಿಂತಿತು. ಪರದೇಶಿಗಳಿಗೆ ಹಬ್ಬವೋ ಹಬ್ಬ. ಎಲ್ಲರೂ ಚಪ್ಪಾಳೆ ತಟ್ಟಿ ಫೋಟೊ ತೆಗೆದರು. ನನ್ನವನೂ ಟಪಟಪ ಒತ್ತಿದ. ಕೆಂಪು ಉಗುರಿನ ಹೆಂಗಸೊಬ್ಬಳು ಬುಟ್ಟಿಯೊಳಗೆ ಒಂದು ನಾಣ್ಯ ಹಾಕಿದಳು, ಎಲ್ಲರೂ ಕಿಲಕಿಲ ನಕ್ಕರು. ಬ್ರೆಡ್ಡಿನವನಿಗೆ ಇಳಿಸಿದ ಬುಟ್ಟಿಗೆ ಭಿಕ್ಷೆ ಹಾಕುತ್ತಾಳಲ್ಲ ಎಂದು ನನ್ನ ಮೈ ಉರಿಯಿತು. ಬುಟ್ಟಿ ಬಹಳ ಹೊತ್ತು ಹಾಗೇ ನಿಂತಿತ್ತು. ನಾವು ಓಣಿಯ ತಿರುವಿಗೆ ಬಂದ ಮೇಲೆ ನಾನು ಹಿಂತಿರುಗಿ ನೋಡಿದೆ, ಅದು ಮೇಲಕ್ಕೆ ಹೋಗುತ್ತಿತ್ತು.

ಸಂಜೆ ಇವನಿಗೆ ತಲೆನೋವು ಬಂತು. ನಾಳೆ ಎಂದ.

ಮೂರನೇ ದಿನ ನಾನು ಏಳುವಷ್ಟರಲ್ಲಿ ಇವನು ಹಾಸಿಗೆಯಲ್ಲಿರಲಿಲ್ಲ. ಧೈರ್ಯ ಬಂದು ಒಬ್ಬನೇ ಹೋಗಿರಬೇಕು ಎಂದು ಖುಷಿಯಾಗಿ ಕಾಫಿ ಕುಡಿಯಲು ಇಳಿದೆ. ಕಾಫಿ ಅಂಗಡಿಯ ಪಕ್ಕದ ಗೋಡೆಯಲ್ಲಿ, ಎಲ್ಲ ಊರಿನಲ್ಲೂ ಇರುವ ಹಾಗೆ, ಸತ್ತವರ ಪೋಸ್ಟರುಗಳು. ಸುತ್ತ ಕಪ್ಪು ಪಟ್ಟಿ, ಮೇಲೆ ಶಿಲುಬೆ. ಒಂದರ ಅಂಟು ಇನ್ನೂ ಹಸಿಯಾಗಿತ್ತು.

ಕತಾಲ್ದೊ ಶಾಲ್ಪಿ. ಅರವತ್ತೊಂದು ವರ್ಷ. ಹಠಾತ್ತನೆ ನಮ್ಮನ್ನು ಅಗಲಿದ್ದಾರೆ.

ಬೆಳಿಗ್ಗೆ ಎದ್ದು ಹೋದ ಗಂಡ ಗೋಡೆಯ ಮೇಲಿದ್ದಾನೆ! ದಾರಿಯಲ್ಲಿ ಹೃದಯ ನಿಂತಿತೇ? ನನಗೆ ಹೇಳುವ ಮುಂಚೆ ಪೋಸ್ಟರು ಅಂಟಿಸಿದವರು ಯಾರು? ಬುದ್ಧಿ ಎಲ್ಲಿ ಹೋಗಿತ್ತೋ, ಕರಿಯನ ನೆನಪೇ ಬರಲಿಲ್ಲ. ಒಂದೇ ಹೆಸರಿನವರು ಇಬ್ಬರಿದ್ದರೆ ಅಡ್ಡಹೆಸರು ಹಾಕದೆ ಇಲ್ಲಿ ಪೋಸ್ಟರು ಅಚ್ಚು ಹಾಕುವುದಿಲ್ಲ; ಇದರಲ್ಲಿ ಕರಿಯ ಅಂತಲೂ ಇರಲಿಲ್ಲ, ಬಿಳಿಯ ಅಂತಲೂ ಇರಲಿಲ್ಲ. ಕೆಳಗಿನ ಸಾಲಿಗೆ ಕಣ್ಣು ಇಳಿಯಿತು. ದುಃಖದಲ್ಲಿರುವ ಹೆಂಡತಿ ಇಮ್ಮಾಕೊಲಾತಾ. ನಾನಲ್ಲ! ನಡುಬೀದಿಯಲ್ಲಿ ನನಗೆ ನಗು ಬಂದುಬಿಟ್ಟಿತು. ನಕ್ಕ ಬಾಯಿ ಮುಚ್ಚುವ ಮೊದಲೇ ಸತ್ತವನು ಯಾರೆಂದು ಹೊಳೆದು, ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಸೇತುವೆ ದಾಟಿ ಓಡಿದೆ. ಮೀನು ಕಟ್ಟೆಯ ಗೋಡೆಯಲ್ಲೂ ಅದೇ ಪೋಸ್ಟರು, ಅದರ ಮುಂದೆ ನನ್ನ ಗಂಡ. ಟೋಪಿ ಕೈಯಲ್ಲಿತ್ತು. ತನ್ನ ಹೆಸರನ್ನು ಓದುತ್ತಿದ್ದ, ಮುಗಿಸಿ ಮತ್ತೆ ಮೊದಲಿನಿಂದ ಓದುತ್ತಿದ್ದ. ಕೊಸಿಮೊ ಹತ್ತಿರ ಬಂದು ಎದೆಯ ಮೇಲೆ ಶಿಲುಬೆ ಹಾಕಿಕೊಂಡ.

"ಬಿಳಿಯಾ, ಇಲ್ಲೇನು ಮಾಡ್ತಿದ್ದೀಯೋ? ಇನ್ನೂ ಕರಿಯನ ಮನೆಗೆ ಹೋಗಿಲ್ವಾ?"

"ನಿನಗೆ ನಾನು ಯಾರು ಅಂತ ಗೊತ್ತಿತ್ತಾ?" ಎಂದ ಇವನು.

"ಮೊನ್ನೇನೇ ಗೊತ್ತಾಯ್ತು. ಅವನಿಗೂ ಹೇಳ್ದೆ. ನನ್ನ ಹತ್ರ ಇದ್ದ ಚಿಪ್ಪುಮೀನೆಲ್ಲ ಎತ್ಕೊಂಡು ಹೋದ. ಬಿಳಿಯ ಊಟಕ್ಕೆ ಬರ್ತಾನೆ ಅಂದ."

ನಾನು ಗಂಡನ ತೋಳು ಹಿಡಿದು ಆ ಓಣಿಗೆ ನಡೆಸಿಕೊಂಡು ಹೋದೆ.

ಸಾವಿನ ಮನೆಯ ಬಾಗಿಲು ಅರ್ಧ ತೆರೆದಿರಬೇಕು, ಅದು ಪದ್ಧತಿ. ಈ ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದಿತ್ತು. ತಟ್ಟಿದ ಮೇಲೆ ಇಮ್ಮಾಕೊಲಾತಾ ತಾನೇ ಇಳಿದು ಬಂದಳು. ಕಪ್ಪು ಉಡುಪು, ಕೆದರಿದ ಕೂದಲು. ಇವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಂದ್ಯಾ? ಈ ಸಲನೂ ತಡ ಮಾಡ್ದೆ."

ಇವನು ತಲೆ ತಗ್ಗಿಸಿದ.

"ಬೀಗ ಯಾಕೆ ಅಂತ ನೋಡ್ತಿದ್ದೀಯಾ ತಂಗಿ?" ಎಂದು ನನ್ನ ಕಡೆ ತಿರುಗಿದಳು. "ಬಾಗಿಲು ತೆರೆದಿಟ್ಟಿದ್ದೆ. ಬೆಳಿಗ್ಗೆ ಯಾರೋ ಇಬ್ರು ಪ್ರವಾಸಿಗರು ಮ್ಯೂಸಿಯಂ ಅಂತ ನೇರ ಮಲಗೋ ಕೋಣೆಗೇ ನುಗ್ಗಿದ್ರು. ಹೆಣ ನೋಡಿ ಕಿರುಚಿಕೊಂಡು ಓಡಿದ್ರು. ಏನು ಕಾಲ ಬಂತು ನೋಡು."

ಮೇಲೆ ಕರಿಯನನ್ನು ಮದುವೆಯ ಸೂಟು ತೊಡಿಸಿ ಮಲಗಿಸಿದ್ದರು. ಗೋಡೆಗುಂಟ ಕುರ್ಚಿ, ಕುರ್ಚಿಗಳಲ್ಲಿ ನೆರೆಯ ಹೆಂಗಸರು. ನನ್ನ ಗಂಡ ಒಳಗೆ ಕಾಲಿಟ್ಟದ್ದೇ ಒಬ್ಬಳ ಕೈಯಿಂದ ಕಾಫಿ ಬಟ್ಟಲು ಬಿತ್ತು, ಅಷ್ಟು ಹೋಲಿಕೆ. ಕರಿಯ, ಬಿಳಿಯ ಎಂದವರಿಗೆ ಕಣ್ಣೇ ಇರಲಿಲ್ಲವೋ ಏನೋ. ನನ್ನ ಗಂಡನೇ ಸೂಟು ಹಾಕಿ ಮಲಗಿದಂತೆ ಕಂಡು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಪೋಸ್ಟರಿನಲ್ಲಿ ಕರಿಯ ಅಂತ ಯಾಕೆ ಹಾಕಿಸ್ಲಿಲ್ಲ?" ಎಂದು ಇವನು ಕೇಳಿದ. ಕೇಳಲು ಬೇರೇನೂ ತೋಚಿರಲಿಕ್ಕಿಲ್ಲ.

"ಊರಲ್ಲಿ ಇನ್ನೊಬ್ಬ ಕತಾಲ್ದೊ ಶಾಲ್ಪಿ ಇದ್ದಿದ್ರೆ ಹಾಕಿಸ್ತಿದ್ದೆ" ಎಂದಳು.

ಆಮೇಲೆ ಅವಳ ಸಿಟ್ಟೆಲ್ಲ ಹೊರಗೆ ಬಂತು. "ಮೊನ್ನೆ ರಾತ್ರಿ ತಟ್ಟೆ ಇಟ್ಟು ಕಾದ. ನಾನೇ ಹೋಟೆಲಿಗೆ ಹೋಗಿ ಕರೀತೀನಿ ಅಂದೆ, ಬೇಡ ಅಂದ. ನಿನ್ನೆ ನೀನು ಆ ಮಂದಿ ಜೊತೆ ಕೆಳಗೆ ನಿಂತಿದ್ಯಲ್ಲ, ಬಟ್ಟೆ ಹಿಂದೆ ನಿಂತು ನೋಡ್ತಾ ಇದ್ದ. ಬಾಯಿ ಬಿಟ್ಟು ಕರಿಯೋಕೆ ಅವನಿಗೆ ಹಟ. ಕೈಯಲ್ಲಿ ಬೀಗದ ಕೈ ತಗೊಂಡ, ಬುಟ್ಟೀಲಿ ಹಾಕಿ ಇಳಿಸ್ದ."

ನನ್ನ ಗಂಡ ಕುರ್ಚಿ ಹುಡುಕದೆ ನೆಲದ ಮೇಲೇ ಕೂತುಬಿಟ್ಟ.

"ಬುಟ್ಟಿ ಮೇಲೆ ಬಂದಾಗ ಬೀಗದ ಕೈ ಇದ್ದ ಹಾಗೇ ಇತ್ತು. ಪಕ್ಕದಲ್ಲಿ ಒಂದು ನಾಣ್ಯ." ಅವಳ ದನಿ ಒಡೆಯಿತು. "'ನನಗೆ ಭಿಕ್ಷೆ ಹಾಕಿ ಹೋದ, ಇಮ್ಮಾ' ಅಂದ. ಆ ಮಾತೇ ಕೊನೆ. ಊಟ ಬೇಡ ಅಂತ ಹೋಗಿ ಮಲಗ್ದ. ಸಂಜೆ ಏಳ್ಸೋಕೆ ಹೋದ್ರೆ ಮೈ ತಣ್ಣಗಿತ್ತು."

"ನಾನು ಹಾಕ್ಲಿಲ್ಲ!" ಇವನು ಕೂಗಿದ. "ದೇವರಾಣೆ, ನಾನು ಬುಟ್ಟಿಯೊಳಗೆ ನೋಡಲೇ ಇಲ್ಲ!"

ಅದೇನು ಕಡಿಮೆ ತಪ್ಪೇ? ಅಜ್ಜಿಯ ಬುಟ್ಟಿ ಮೂಗಿನ ಮುಂದೆ ಇಳಿದರೂ ಒಳಗೆ ಇಣುಕಿ ನೋಡದವನು ಈ ಮನೆಯವನೇ? ಆದರೂ ಅವನ ಪರ ಹೇಳುವವಳು ಅಲ್ಲಿ ನಾನೊಬ್ಬಳೇ. ಅವನ ಕುತ್ತಿಗೆಯಿಂದ ಕ್ಯಾಮೆರಾ ಕಿತ್ತುಕೊಂಡು ಹಿಂದಿನ ದಿನದ ಫೋಟೊಗಳನ್ನು ಅದರ ಪರದೆಯಲ್ಲಿ ತೆರೆದೆ. ಬಾಲ್ಕನಿ, ಬಟ್ಟೆ, ಬುಟ್ಟಿ. ಒಂದರಲ್ಲಿ ಬುಟ್ಟಿ ನಮ್ಮ ಕಡೆ ವಾಲಿತ್ತು. ದೊಡ್ಡದು ಮಾಡಿದೆ. ತಳದಲ್ಲಿ ಕಬ್ಬಿಣದ ಉದ್ದನೆಯ ಬೀಗದ ಕೈ, ಅದರ ಮೇಲೆ ಕೆಂಪು ಉಗುರಿನ ಬೆರಳುಗಳು, ಬೆರಳಲ್ಲಿ ನಾಣ್ಯ.

ಇಮ್ಮಾಕೊಲಾತಾ ಕಣ್ಣೊರೆಸಿಕೊಂಡು ನೋಡಿದಳು. ಮತ್ತೆ ನೋಡಿದಳು. ಕ್ಯಾಮೆರಾವನ್ನು ನನ್ನ ಕೈಯಿಂದ ತೆಗೆದುಕೊಂಡು ನೇರ ಗಂಡನ ಹೆಣದ ಬಳಿ ಹೋದಳು. ಅದರ ಬೆಳಕು ಅವನ ಮುಚ್ಚಿದ ರೆಪ್ಪೆಗೆ ಬೀಳುವಷ್ಟು ಹತ್ತಿರ ಹಿಡಿದಳು.

"ನೋಡೋ ಹಟಮಾರಿ. ಕಣ್ಬಿಟ್ಟು ನೋಡು. ಇವನಲ್ಲ, ಯಾವಳೋ ಪರದೇಶದವಳು. ನೋಡು ಅಂದ್ರೆ!"

ಯಾರೂ ಅವಳನ್ನು ತಡೆಯಲಿಲ್ಲ. ಇವತ್ತಿಗೂ ಕ್ಯಾಮೆರಾ ಕಂಡರೆ ನನಗೆ ಅದೇ ನೆನಪಾಗುತ್ತದೆ.

ಅಷ್ಟರಲ್ಲಿ ಕೆಳಗಿನ ಓಣಿಯಿಂದ ಒಬ್ಬ ಮುದುಕಿಯ ದನಿ ಕೇಳಿತು. ಎದುರುಮನೆಯ ತೆರೇಸಿನಾ ಅಜ್ಜಿ, ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ಸಾರಿನ ಪಾತ್ರೆ ಹೊತ್ತು ಬಂದಿದ್ದಳು. ಬೀಗ ಹಾಕಿದ ಬಾಗಿಲು ಕಂಡು, ದಿನಾ ಕೂಗುವ ಹಾಗೆಯೇ ಕೂಗಿಬಿಟ್ಟಳು.

"ಕತಾಲ್ದೊ! ಲೋ ಕತಾಲ್ದೊ! ಬೀಗದ ಕೈ ಇಳಿಸೋ!"

ಕೆಳಗೆ ಅಜ್ಜಿಗೂ ತಾನೇನು ಕೂಗಿದೆನೆಂದು ಹೊಳೆದಿರಬೇಕು, "ಅಯ್ಯೋ ಮಾತೆ" ಎಂದದ್ದು ಕೇಳಿತು. ಹೆಂಗಸರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು.

ನನ್ನ ಗಂಡ ನೆಲಕ್ಕೆ ಕೈಯೂರಿ ಎದ್ದ. ಬಾಗಿಲ ಹಿಂದಿನ ಮೊಳೆಗೆ ಅವನ ಕೈ ತಾನಾಗಿ ಹೋಯಿತು, ಬೀಗದ ಕೈ ಅಲ್ಲೇ ಇತ್ತು. ಬಾಲ್ಕನಿಯಲ್ಲಿ ಬುಟ್ಟಿಯೂ ಇತ್ತು. ಅದರೊಳಗಿನ ನಾಣ್ಯವನ್ನು ತೆಗೆದು ಜೇಬಿಗೆ ಹಾಕಿಕೊಂಡು, ಬೀಗದ ಕೈಯನ್ನು ಅದರಲ್ಲಿಟ್ಟ.

"ಬಂದೆ ಅಜ್ಜಿ, ನಿಲ್ಲು" ಎಂದು ಕೂಗಿ, ಹಗ್ಗ ಬಿಡತೊಡಗಿದ.